ಸುಡಾನಿನ ಒಲೆಗೆ ನಮ್ಮದೊಂದು ಹಿಡಿ



ಜನವರಿ 21 ನಮ್ಮ ನಾಡಿನಲ್ಲಿ ದಾಸೋಹ ದಿನ. ಸಿದ್ಧಗಂಗೆಯ ಡಾ. ಶಿವಕುಮಾರ ಸ್ವಾಮೀಜಿಯವರು 2019ರಲ್ಲಿ ಲಿಂಗೈಕ್ಯರಾದ ಈ ದಿನವನ್ನು ಅವರ ಸ್ಮರಣೆಗಾಗಿ ದಾಸೋಹ ದಿನವೆಂದು 2021ರಲ್ಲಿ ರಾಜ್ಯ ಸರ್ಕಾರ ಘೋಷಿಸಿತು. ಅಂದು ಮಠಗಳಲ್ಲಿ, ಶಾಲೆಗಳಲ್ಲಿ, ಬಸ್ ನಿಲ್ದಾಣಗಳ ಎದುರು ಅನ್ನ ಬಡಿಸುತ್ತೇವೆ. ಅರಸೀಕೆರೆಯಿಂದ ಬೇಲೂರಿನವರೆಗೆ ನಮ್ಮ ಭಾಗದಲ್ಲೂ ಹಲವು ಕಡೆ ಒಲೆ ಹತ್ತುತ್ತದೆ. ಇದು ಸಂತೋಷದ ವಿಷಯ. ಆದರೆ ಆ ದಿನದ ಎಲೆಯ ಮುಂದೆ ಕುಳಿತಾಗ ಒಂದು ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳಬೇಕೆಂದು ಈ ಸಂಚಿಕೆಯಲ್ಲಿ ಬರೆಯುತ್ತಿದ್ದೇನೆ. ನಮ್ಮ ದಾಸೋಹ ಎಲ್ಲಿಯವರೆಗೆ ಹೋಗುತ್ತದೆ? ಊರ ಬಾಗಿಲಿನವರೆಗೋ, ಜಾತಿಯ ಬೇಲಿಯವರೆಗೋ, ದೇಶದ ಗಡಿಯವರೆಗೋ?

ಈ ಪ್ರಶ್ನೆ ಹುಟ್ಟಿದ್ದು ಸುಡಾನ್ ದೇಶದ ಸುದ್ದಿಗಳನ್ನು ಓದುತ್ತಾ. 2023ರ ಏಪ್ರಿಲ್ 15ರಂದು ಅಲ್ಲಿನ ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಯುದ್ಧ ಶುರುವಾಯಿತು. ಇಬ್ಬರು ಸೇನಾನಾಯಕರು ಅಧಿಕಾರಕ್ಕಾಗಿ ಹೊಡೆದಾಡಿಕೊಂಡರು. ಮನೆ ಬಿಟ್ಟು ಓಡಬೇಕಾದವರು ಒಂದು ಕೋಟಿಗೂ ಹೆಚ್ಚು ಜನ. ಇಂದು ಜಗತ್ತಿನಲ್ಲಿ ಯುದ್ಧದಿಂದ ನೆಲೆ ಕಳೆದುಕೊಂಡವರ ಅತಿ ದೊಡ್ಡ ಸಂಖ್ಯೆ ಇರುವುದು ಅಲ್ಲಿಯೇ. 2024ರ ಆಗಸ್ಟ್‌ನಲ್ಲಿ ದಾರ್ಫುರ್ ಪ್ರಾಂತ್ಯದ ಎಲ್ ಫಾಶರ್ ನಗರದ ಪಕ್ಕದ ಝಂಝಂ ಶಿಬಿರದಲ್ಲಿ ಕ್ಷಾಮ ಇದೆಯೆಂದು ಅಂತರರಾಷ್ಟ್ರೀಯ ತಜ್ಞರ ಸಮಿತಿ ದೃಢಪಡಿಸಿತು. ಎಲ್ ಫಾಶರ್ ನಗರವಂತೂ ಒಂದೂವರೆ ವರ್ಷ ಮುತ್ತಿಗೆಯಲ್ಲಿ ಸಿಕ್ಕಿ, 2025ರ ಅಕ್ಟೋಬರ್ 26ರಂದು ಆರ್‌ಎಸ್‌ಎಫ್ ಕೈಗೆ ಬಿತ್ತು. ಮುತ್ತಿಗೆಯ ಕೊನೆಯ ತಿಂಗಳುಗಳಲ್ಲಿ ಅಲ್ಲಿನ ಜನ ದನಗಳಿಗೆ ಹಾಕುವ ಕಡಲೆಕಾಯಿ ಹಿಂಡಿಯನ್ನು ನೆನೆಸಿ ತಿಂದು ಬದುಕಿದರು. ಹಿಂಡಿ ಎಂದರೇನೆಂದು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಿಲ್ಲ. ನಮ್ಮ ಹಟ್ಟಿಯಲ್ಲಿ ಅದು ಕರೆಯುವ ಹಸುವಿನ ಪಾಲು. ಅಲ್ಲಿ ಅದು ಮಗುವಿನ ಪಾಲಾಯಿತು, ಕೊನೆಕೊನೆಗೆ ಅದೂ ಸಿಗದಾಯಿತು.

ಸುಡಾನ್ ನಮಗೆ ದೂರದ ದೇಶವೆಂದು ತೋರುತ್ತದೆ. ಆದರೆ ಅದು ನಮ್ಮ ತಾಲ್ಲೂಕುಗಳ ಮಗ್ಗುಲಿಗೇ ಬಂದು ಹೋಗಿದೆ. ಯುದ್ಧ ಶುರುವಾದ ವಾರದಲ್ಲಿ ಇದೇ ಎಲ್ ಫಾಶರ್‌ನಲ್ಲಿ ಸಿಕ್ಕಿಬಿದ್ದವರಲ್ಲಿ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರಿದ್ದರು. ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯಿಂದ ಗಿಡಮೂಲಿಕೆ ಎಣ್ಣೆ, ಔಷಧಿ ಮಾರಲು ಹೋದವರು ಅವರು. ಹೊರಗೆ ಗುಂಡಿನ ಸದ್ದು, ಒಳಗೆ ಅನ್ನವಿಲ್ಲ, ನೀರಿಲ್ಲ. ಬಾಡಿಗೆ ಮನೆಗಳಲ್ಲಿ ಅಡಗಿ ಕುಳಿತು ಅವರು ಕಳಿಸಿದ ಮಾತುಗಳನ್ನು ನಾವೆಲ್ಲ ಟಿ.ವಿ.ಯಲ್ಲಿ ಕೇಳಿದೆವು. ಭಾರತ ಸರ್ಕಾರ 'ಆಪರೇಷನ್ ಕಾವೇರಿ' ಹೆಸರಿನಲ್ಲಿ ಸುಡಾನಿನಿಂದ 3,800ಕ್ಕೂ ಹೆಚ್ಚು ಜನರನ್ನು ಕರೆತಂದಿತು. ಪೋರ್ಟ್ ಸುಡಾನ್ ಬಂದರಿನವರೆಗೆ ಬಸ್ಸು, ಅಲ್ಲಿಂದ ಜೆಡ್ಡಾಕ್ಕೆ ಹಡಗು, ವಿಮಾನ, ಮತ್ತೆ ತಾಯ್ನಾಡಿಗೆ ವಿಮಾನ. ನಮ್ಮ ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯಲ್ಲೂ ಹಕ್ಕಿಪಿಕ್ಕಿಗಳ ಕಾಲೊನಿ ಇದೆ. ಹಕ್ಕಿ ಹಿಡಿಯುವ ಕಸುಬು ಕಾನೂನಿನಿಂದ ನಿಂತ ಮೇಲೆ ಈ ಸಮುದಾಯ ಎಣ್ಣೆ ಕಾಯಿಸಿ, ಊರೂರು ತಿರುಗಿ, ಕೊನೆಗೆ ಸಮುದ್ರ ದಾಟಿ ಹೋಗಿ ಬದುಕು ಕಟ್ಟಿಕೊಂಡಿದೆ. ನಮ್ಮಲ್ಲಿ ಎಷ್ಟೋ ಜನ ಅವರನ್ನು ಮನೆಯ ಜಗಲಿಗೂ ಕರೆದವರಲ್ಲ. ಆಫ್ರಿಕದ ಊರುಗಳನ್ನು ಕಣ್ಣಾರೆ ಕಂಡವರು ನಮ್ಮ ನೆರೆಯಲ್ಲೇ ಇದ್ದಾರೆ, ನಮಗೇ ಗೊತ್ತಿಲ್ಲ.

ನಮ್ಮವರೇನೋ ಬಂದರು. ಆದರೆ ಅವರಿಗೆ ಎಣ್ಣೆಯ ಗಿರಾಕಿಗಳಾಗಿದ್ದವರು, ಬಾಡಿಗೆಗೆ ಮನೆ ಕೊಟ್ಟವರು, ಅಕ್ಕಪಕ್ಕದ ಅಂಗಡಿಯವರು ಅಲ್ಲೇ ಉಳಿದರು. ಅವರನ್ನು ಕರೆದೊಯ್ಯಲು ಯಾವ ಹಡಗೂ ಬರಲಿಲ್ಲ. ಬದುಕಿ ಉಳಿದವರಲ್ಲಿ ಬಹಳ ಮಂದಿ ಎಲ್ ಫಾಶರ್‌ನಿಂದ ಪಶ್ಚಿಮಕ್ಕೆ ತವಿಲಾ ಎಂಬ ಊರಿಗೆ ಕಾಲ್ನಡಿಗೆಯಲ್ಲಿ, ಕತ್ತೆಗಾಡಿಗಳಲ್ಲಿ ಹೋದರು. ಲಕ್ಷಾಂತರ ಜನ ಗಡಿ ದಾಟಿ ಚಾಡ್ ದೇಶ ಸೇರಿದ್ದಾರೆ. ಚಾಡ್ ಶ್ರೀಮಂತ ದೇಶವಲ್ಲ; ಜಗತ್ತಿನ ಕಡುಬಡ ದೇಶಗಳಲ್ಲಿ ಒಂದು. ಆದರೂ ಅವರಿಗೆ ಆಸರೆ ಕೊಟ್ಟಿತು.

ಇನ್ನು ನನ್ನ ಮನಸ್ಸನ್ನು ಹೆಚ್ಚು ತಟ್ಟಿದ ಸಂಗತಿಗೆ ಬರುತ್ತೇನೆ. ಈ ಯುದ್ಧದ ನಡುವೆ ಸುಡಾನಿನ ಊರೂರುಗಳಲ್ಲಿ ಜನರೇ ಅಡುಗೆಮನೆಗಳನ್ನು ನಡೆಸುತ್ತಿದ್ದಾರೆ. ಅವಕ್ಕೆ ಅವರ ಮಾತಿನಲ್ಲಿ 'ತಕಾಯಾ' ಎನ್ನುತ್ತಾರೆ. ಹಿಂದೆ ಸೂಫಿ ಸಂತರ ನೆಲೆಗಳಲ್ಲಿ ದಾರಿಹೋಕರಿಗೆ, ಬಡವರಿಗೆ ಅನ್ನವಿಡುತ್ತಿದ್ದ ಪದ್ಧತಿಯಿಂದ ಬಂದ ಹೆಸರು ಅದು. ಬೀದಿಯ ಹತ್ತು ಯುವಕ ಯುವತಿಯರು ಸೇರಿ ಒಂದು ದೊಡ್ಡ ಪಾತ್ರೆ ಇಟ್ಟು, ಸಿಕ್ಕ ಜೋಳವನ್ನೋ ಬೇಳೆಯನ್ನೋ ಬೇಯಿಸಿ, ಪಾತ್ರೆ ಹಿಡಿದು ನಿಂತವರಿಗೆಲ್ಲ ಬಡಿಸುತ್ತಾರೆ. ಅವರ ಸಂಘಟನೆಗೆ ತುರ್ತು ಸ್ಪಂದನಾ ಕೊಠಡಿಗಳು ಎಂಬರ್ಥದ ಹೆಸರಿದೆ. ಸುಗ್ಗಿಗೆ, ಮನೆ ಕಟ್ಟಲು ಊರವರೆಲ್ಲ ಕೂಡಿ ದುಡಿಯುವ 'ನಫೀರ್' ಎಂಬ ಹಳೆಯ ಪದ್ಧತಿ ಅಲ್ಲಿದೆ, ನಮ್ಮ ಮುಯ್ಯಾಳಿನಂಥದೇ. ಅದೇ ಈ ಕೆಲಸದ ಬೇರು. ಈ ಸ್ವಯಂಸೇವಕರಲ್ಲಿ ಕೆಲವರು ಗುಂಡಿಗೆ ಬಲಿಯಾದರು, ಕೆಲವರು ಸೆರೆಯಾದರು. 2025ರ ಆರಂಭದಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ನಿಲ್ಲಿಸಿದಾಗ ನೂರಾರು ಅಡುಗೆಮನೆಗಳು ಮುಚ್ಚಿದವು. ಉಳಿದವರು ಬಿಡಲಿಲ್ಲ. ಅದೇ ವರ್ಷ ಈ ಸಂಘಟನೆಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು.

ಇದಕ್ಕೆ ದಾಸೋಹ ಎನ್ನದೆ ಬೇರೇನೆನ್ನಬೇಕು? ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ಬಸವಾದಿ ಶರಣರು ನಮಗೆ ತಿಳಿಸಿಕೊಟ್ಟಿದ್ದಾರೆ. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ತನ್ನ ಕಾಯಕದ ಫಲವನ್ನು ಸಮಾಜಕ್ಕೆ ಹಿಂದಿರುಗಿಸುವವನು. ತಾನೂ ಹಸಿದಿದ್ದು ತನ್ನ ಬೀದಿಯವರಿಗೆ ಬಡಿಸುವ ಆ ಸುಡಾನಿ ಹುಡುಗ ನಮ್ಮ ಹೆಸರು ಕೇಳಿಲ್ಲ, ನಾವು ಅವನ ಹೆಸರು ಕೇಳಿಲ್ಲ. ಆದರೂ ಅವನು ಮಾಡುತ್ತಿರುವುದು ನಾವು ವೇದಿಕೆಯ ಮೇಲೆ ಹೇಳುವುದನ್ನೇ. ಆ ಒಲೆಗೆ ನಮ್ಮದೂ ಒಂದು ಹಿಡಿ ಸೇರಲಿ ಎಂಬುದೇ ನನ್ನ ಬಿನ್ನಹ.

ಈ ವಿಚಾರವನ್ನು ಅರಸೀಕೆರೆ ಕಡೆಯ ಒಂದು ಶಿವಾನುಭವ ಗೋಷ್ಠಿಯಲ್ಲಿ ಇಟ್ಟಾಗ ಮೂರು ಮಾತು ಎದ್ದವು. ಮೂರೂ ತಳ್ಳಿಹಾಕುವಂಥವಲ್ಲ.

ಮೊದಲನೆಯದು ಒಬ್ಬ ಹಿರಿಯ ರೈತರದು. "ಅಲ್ಲಾ ಮೇಷ್ಟ್ರೇ, ನಮ್ಮ ಕೆರೆಗೇ ನೀರಿಲ್ಲ, ತೆಂಗು ಸುಳಿ ಒಣಗ್ತಾ ಐತೆ. ನಮ್ಮೂರಲ್ಲೇ ಕೈಚಾಚೋರು ಇರುವಾಗ ಆಫ್ರಿಕಕ್ಕೆ ಏನು ಕಳಿಸೋದು?" ಅವರ ಮಾತಿನಲ್ಲಿ ಸುಳ್ಳಿಲ್ಲ. ಅರಸೀಕೆರೆ ಬರ ಕಂಡ ಸೀಮೆ. ಬೋರ್‌ವೆಲ್ ಕೊರೆಸಿ ಸಾಲಕ್ಕೆ ಬಿದ್ದ ಮನೆ ಯಾವ ಹಳ್ಳಿಯಲ್ಲಿಲ್ಲ? ಹಾಸ್ಟೆಲ್ ಮಕ್ಕಳ ಊಟದ ಪಾಲನ್ನು ಕಿತ್ತು ದೂರದೇಶಕ್ಕೆ ಕಳಿಸಿರೆಂದು ನಾನೂ ಹೇಳಲಾರೆ. ಆದರೆ ಕೊಡುವ ಮಾತಿನಲ್ಲಿ ನಮ್ಮ ನಾಡಿನ ಹಿಂದಿನ ನಡೆ ಏನಿತ್ತೆಂದು ನೋಡೋಣ.

1959ರಲ್ಲಿ ದಲೈ ಲಾಮಾ ಅವರು ಟಿಬೆಟ್ ಬಿಟ್ಟು ಬಂದರು, ಅವರ ಹಿಂದೆ ಸಾವಿರಾರು ಜನ ಬಂದರು. ಆಗಿನ ಮೈಸೂರು ರಾಜ್ಯ 1960ರಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ನೆಲ ಕೊಟ್ಟಿತು. ನಮ್ಮ ಜಿಲ್ಲೆಗೆ ಅದು ದೂರದ ಜಾಗವೇನಲ್ಲ. ಕಾಡು ಕಡಿದು, ಆನೆಗಳ ಕಾಟ ಸಹಿಸಿ, ಹಿಮದ ನಾಡಿನವರು ನಮ್ಮ ಬಿಸಿಲಲ್ಲಿ ಮುಸುಕಿನ ಜೋಳ ಬೆಳೆದರು. ಮುಂದೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಕಡೆಯೂ ನೆಲೆ ಸಿಕ್ಕಿತು. ಕರ್ನಾಟಕದಲ್ಲಿ ಅಂಥ ಐದು ವಸಾಹತುಗಳಿವೆ. ಎಸ್. ನಿಜಲಿಂಗಪ್ಪನವರನ್ನು ದಲೈ ಲಾಮಾ ಅವರು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ. ಆ ಕಾಲದಲ್ಲಿ ನಾವು ಶ್ರೀಮಂತರಾಗಿದ್ದೆವೇ? ಅಮೆರಿಕದ ಗೋಧಿಗೆ ಕಾಯುತ್ತಿದ್ದ ದೇಶ ನಮ್ಮದು.

1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನ ಓಡಿ ಬಂದರು. ಆಗ ಅಂಚೆಗೆ ಹಾಕುವ ಕಾಗದಕ್ಕೆ 5 ಪೈಸೆಯ ಇನ್ನೊಂದು ಚೀಟಿ ಅಂಟಿಸಬೇಕಿತ್ತು. ಅದು ನಿರಾಶ್ರಿತರ ಪರಿಹಾರಕ್ಕೆ. ನನ್ನ ವಯಸ್ಸಿನವರಿಗೆ ಆ ಚೀಟಿ ನೆನಪಿರಬೇಕು. ಬೇಲೂರಿನಿಂದ ಬೆಂಗಳೂರಿಗೆ ಮಗನಿಗೆ ಕಾಗದ ಬರೆದ ತಾಯಿಯೂ ಆ 5 ಪೈಸೆ ಕೊಟ್ಟಳು. ಇಡೀ ದೇಶವೇ ಹೀಗೆ ಹನಿ ಹನಿಯಾಗಿ ಕೊಟ್ಟಿತು. ಪೂರ್ವ ಬಂಗಾಳದಿಂದ ಬಂದವರಲ್ಲಿ ಎಷ್ಟೋ ಕುಟುಂಬಗಳು ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆಸಿ ಇಂದು ಭತ್ತ ಬೆಳೆಯುವ ಕನ್ನಡಿಗರೇ ಆಗಿದ್ದಾರೆ. ನಿರಾಶ್ರಿತರ ಕುರಿತ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಸಹಿ ಇಲ್ಲದೆಯೂ ನಮ್ಮ ಹಿರಿಯರು ಜಾಗ ಬಿಟ್ಟುಕೊಟ್ಟರು, ಅನ್ನ ಹಂಚಿಕೊಂಡರು. ಹೊಟ್ಟೆ ತುಂಬಿದ ಮೇಲೆ ಕೊಡೋಣವೆಂದು ಅವರು ಕಾದಿದ್ದರೆ ಬೈಲಕುಪ್ಪೆಯೂ ಇರುತ್ತಿರಲಿಲ್ಲ, ಸಿಂಧನೂರಿನ ಕ್ಯಾಂಪುಗಳೂ ಇರುತ್ತಿರಲಿಲ್ಲ.

ಎರಡನೆಯ ಮಾತು ಸ್ವಲ್ಪ ಮೆಲ್ಲಗೆ ಬಂತು. ಆದರೆ ಅದೇ ಹೆಚ್ಚು ಆಳದ್ದು. "ಅವರು ನಮ್ಮವರಲ್ಲ. ತಮ್ಮತಮ್ಮಲ್ಲೇ ಹೊಡೆದಾಡಿಕೊಳ್ಳೋರು. ನಾವ್ಯಾಕೆ?" ಎಂದರು. ಹೊಡೆದಾಡುವವರು ಬೇರೆ, ಓಡುವವರು ಬೇರೆ ಎಂಬುದು ಮೊದಲ ಉತ್ತರ. ಕೋವಿ ಹಿಡಿದವನು ಯಾವ ಶಿಬಿರದಲ್ಲೂ ಪಾತ್ರೆ ಹಿಡಿದು ನಿಲ್ಲುವುದಿಲ್ಲ. ನಿಲ್ಲುವವರು ಮಕ್ಕಳು, ಮುದುಕರು, ಗಂಡನನ್ನು ಕಳೆದುಕೊಂಡ ಹೆಂಗಸರು.

ಇನ್ನೊಂದು ಉತ್ತರ ನಮ್ಮ ಪರಂಪರೆಯ ಒಳಗೇ ಇದೆ. ಹರಳಯ್ಯ ಮಧುವರಸರ ಮಕ್ಕಳ ಮದುವೆಯ ನಂತರ ಕಲ್ಯಾಣದಲ್ಲಿ ನಡೆದದ್ದನ್ನು ನಾವು ವರ್ಷ ವರ್ಷ ವೇದಿಕೆಯಲ್ಲಿ ಹೇಳುತ್ತೇವೆ. ಆ ಮೇಲೆ ಶರಣರಿಗೆ ಏನಾಯಿತು? ಸೈನ್ಯ ಬೆನ್ನಟ್ಟಿತು. ಚನ್ನಬಸವಣ್ಣ, ಅಕ್ಕನಾಗಮ್ಮ ಮೊದಲಾದವರು ವಚನಗಳ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿನ ಕಡೆಗೆ ನಡೆದರು. ಹಿಂದೆ ಮಡಿವಾಳ ಮಾಚಿದೇವರು ಕಾವಲು ನಿಂತರು ಎಂದು ನಮ್ಮ ಪರಂಪರೆ ಹೇಳುತ್ತದೆ. ಇಂದಿನ ಮಾತಿನಲ್ಲಿ ಹೇಳುವುದಾದರೆ ಶರಣರು ನಿರಾಶ್ರಿತರಾಗಿದ್ದರು. ದಾರಿಯ ಹಳ್ಳಿಗಳಲ್ಲಿ ಯಾರೋ ಬಾಗಿಲು ತೆರೆದಿರಬೇಕು, ಯಾರೋ ಅಂಬಲಿ ಕೊಟ್ಟಿರಬೇಕು, ಯಾರೋ ಕಟ್ಟುಗಳನ್ನು ಅಟ್ಟದ ಮೇಲೆ ಬಚ್ಚಿಟ್ಟಿರಬೇಕು. ಅವರ ಹೆಸರು ನಮಗೆ ಗೊತ್ತಿಲ್ಲ. 'ಇವರು ನಮ್ಮವರಲ್ಲ' ಎಂದು ಅವರು ಬಾಗಿಲು ಹಾಕಿದ್ದರೆ ಇಂದು ನಾವು ಹಾಡುವ ವಚನಗಳಲ್ಲಿ ಎಷ್ಟು ಉಳಿಯುತ್ತಿದ್ದವು?

ಕಲ್ಯಾಣಕ್ಕೆ ಬಂದವರ ಪಟ್ಟಿಯನ್ನೂ ನೋಡಿ. ಮರುಳಶಂಕರದೇವರು ಅಫ್ಘಾನಿಸ್ತಾನದ ಕಡೆಯಿಂದ, ಮೋಳಿಗೆ ಮಾರಯ್ಯನವರು ಕಾಶ್ಮೀರದಿಂದ ಬಂದವರೆಂದು ಪ್ರತೀತಿ. ಅನುಭವ ಮಂಟಪದ ಬಾಗಿಲಲ್ಲಿ ಯಾರೂ ಅವರ ಊರು ಕೇರಿ ವಿಚಾರಿಸಿ ವಾಪಸು ಕಳಿಸಲಿಲ್ಲ. ಸಿದ್ಧಗಂಗೆಯಲ್ಲೂ ಅಷ್ಟೆ: ಸುಮಾರು 10,000 ಮಕ್ಕಳು ಉಂಡು ಓದುವ ಆ ಮಠದಲ್ಲಿ ಜಾತಿ ಮತದ ಲೆಕ್ಕ ಹಿಡಿದು ಅನ್ನ ಬಡಿಸಲಿಲ್ಲ. ನಾವು ವಿಶ್ವಗುರು ಎಂದು ಕರೆಯುವಾಗ ಆ 'ವಿಶ್ವ' ಎಂಬ ಮಾತಿನೊಳಗೆ ದಾರ್ಫುರ್ ಕೂಡ ಇದೆ.

ಈ ಮಾತು ಮಠದ ಒಳಗಿನವರಿಗೆ ಮಾತ್ರವಲ್ಲ, ಈ ನೆಲದಲ್ಲಿ ಬದುಕುವ ಎಲ್ಲರಿಗೂ ಸಲ್ಲುತ್ತದೆ. ಹಳೇಬೀಡಿನ ಹೆಸರನ್ನೇ ನೋಡಿ. ದ್ವಾರಸಮುದ್ರವೆಂಬ ರಾಜಧಾನಿ 1311ರಲ್ಲಿ ಮಲಿಕ್ ಕಾಫುರ್‌ನ ದಾಳಿಗೆ ತುತ್ತಾಯಿತು, ಮುಂದೆ ತುಘಲಕರ ಸೈನ್ಯಕ್ಕೂ ಸಿಕ್ಕಿತು. ಮೂರನೆಯ ಬಲ್ಲಾಳ ತಿರುವಣ್ಣಾಮಲೆಗೆ ಹೋಗಿ ನೆಲೆಸಿದ. ಬಿಟ್ಟುಹೋದ ಊರು ಹಳೆಯ ಬೀಡಾಯಿತು. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ನಾವು ಹೆಮ್ಮೆಪಟ್ಟೆವು. ಜಗತ್ತು ನಮ್ಮ ಕಲ್ಲುಗಳನ್ನು ತನ್ನದೆಂದು ಒಪ್ಪಿಕೊಂಡಿದೆ. ಜಗತ್ತಿನ ಮನುಷ್ಯರನ್ನು ನಮ್ಮವರೆಂದು ಒಪ್ಪಿಕೊಳ್ಳುವ ಸರದಿ ನಮ್ಮದು.

ಇನ್ನೊಂದು ಋಣವನ್ನೂ ಹೇಳಬೇಕು. ನಾವು ದಿನವೂ ಉಣ್ಣುವ ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನಾಡು. ಉತ್ತರ ಕರ್ನಾಟಕದ ಶರಣರು ಉಣ್ಣುವ ಜೋಳವನ್ನು ಸಾವಿರಾರು ವರ್ಷಗಳ ಹಿಂದೆ ಮೊದಲು ಬಿತ್ತಿ ಬೆಳೆದ ನೆಲಗಳಲ್ಲಿ ಸುಡಾನಿನ ಪೂರ್ವ ಭಾಗ ಮುಖ್ಯವಾದುದು. ಬೇಲೂರಿನ ಕಾಫಿಯ ಮೂಲ ಸುಡಾನಿನ ನೆರೆಯ ಇಥಿಯೋಪಿಯಾ. ಬಾಬಾಬುಡನ್ ಅದನ್ನು ಯೆಮನ್‌ನಿಂದ ನಮ್ಮ ಪಕ್ಕದ ಗಿರಿಗೆ ತಂದರೆಂದು ಹೇಳುತ್ತೇವೆ. ಸುಡಾನಿನ ಮನೆಮನೆಯ ಊಟ 'ಅಸೀದಾ'. ಜೋಳದ ಹಿಟ್ಟನ್ನು ಕುದಿಯುವ ನೀರಿನಲ್ಲಿ ತಿರುವಿ ಗಟ್ಟಿ ಮಾಡಿ ಸಾರಿನೊಂದಿಗೆ ಉಣ್ಣುವುದು. ನಮ್ಮ ಮುದ್ದೆಯ ದಾಯಾದಿ ಅದು. ಆ ಸೀಮೆಯ ಬೀಜ ನಮ್ಮ ಕಣಜ ತುಂಬಿದೆ, ಜೇಬನ್ನೂ ತುಂಬಿದೆ. ಆ ಸೀಮೆಯ ಜನ ಹಿಟ್ಟಿಲ್ಲದೆ ಇರುವಾಗ ಒಂದು ಹಿಡಿ ಹಿಂದಿರುಗಿಸುವುದು ಔದಾರ್ಯವಲ್ಲ, ಲೆಕ್ಕ ಚುಕ್ತಾ ಮಾಡುವುದು.

ಮೂರನೆಯ ಮಾತು ಒಬ್ಬ ಕೊಬ್ಬರಿ ವ್ಯಾಪಾರಿಯದು. "ದುಡ್ಡು ತಲುಪುತ್ತದೆ ಅನ್ನೋದಕ್ಕೆ ಏನು ಖಾತ್ರಿ?" ವ್ಯಾಪಾರಿ ಕೇಳಬೇಕಾದ ಪ್ರಶ್ನೆಯೇ ಇದು. ಭಕ್ತಿಯ ಹೆಸರಿನಲ್ಲಿ ಲೆಕ್ಕ ಕೇಳದೆ ಕೊಟ್ಟು ಕೊಟ್ಟೇ ನಮ್ಮಲ್ಲಿ ಎಷ್ಟೋ ಒಳ್ಳೆಯ ಕೆಲಸಗಳು ಕೆಟ್ಟಿವೆ. ಆದ್ದರಿಂದ ನಾನು ವಿಚಾರಿಸಿ ತಿಳಿದುಕೊಂಡದ್ದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಒಂದು, ಮಠದ ಅಥವಾ ಟ್ರಸ್ಟಿನ ಖಾತೆಯಿಂದ ಹಣ ಕಳಿಸುವುದು ಬೇಡ. ಧರ್ಮಾರ್ಥ ಟ್ರಸ್ಟು ತನ್ನ ಆದಾಯವನ್ನು ಭಾರತದ ಹೊರಗೆ ಖರ್ಚು ಮಾಡಿದರೆ, ಕೇಂದ್ರ ನೇರ ತೆರಿಗೆ ಮಂಡಳಿಯ ಅನುಮತಿ ಇಲ್ಲದಿದ್ದಲ್ಲಿ, ಆ ಹಣಕ್ಕೆ ಆದಾಯ ತೆರಿಗೆಯ ವಿನಾಯಿತಿ ಸಿಗುವುದಿಲ್ಲ. ಹಾಸ್ಟೆಲ್ ನಡೆಸುವ ಟ್ರಸ್ಟನ್ನು ಆ ತೊಡಕಿಗೆ ಸಿಕ್ಕಿಸಬಾರದು. ಆದರೆ ವ್ಯಕ್ತಿಗಳು ತಮ್ಮ ಸ್ವಂತ ದುಡಿಮೆಯ ಹಣವನ್ನು ವಿದೇಶಕ್ಕೆ ದೇಣಿಗೆಯಾಗಿ ಕಳಿಸಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆ. ವರ್ಷಕ್ಕೆ ಒಬ್ಬರಿಗೆ 2.5 ಲಕ್ಷ ಡಾಲರ್ ಅದರ ಮಿತಿ. ನಮ್ಮ ಮೊತ್ತ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಅನುಮಾನವಿದ್ದರೆ ನಿಮ್ಮ ಬ್ಯಾಂಕಿನ ಮ್ಯಾನೇಜರನ್ನು, ಆಡಿಟರನ್ನು ಮೊದಲು ಕೇಳಿ.

ಎರಡು, ಕೊಡುವುದು ಯಾರಿಗೆ? ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿ, ವಿಶ್ವ ಆಹಾರ ಕಾರ್ಯಕ್ರಮ, ಯುನಿಸೆಫ್ ಇವು ಸುಡಾನಿನಲ್ಲೂ ಅದರ ನೆರೆಯ ದೇಶಗಳಲ್ಲೂ ಕೆಲಸ ಮಾಡುತ್ತಿವೆ. ಮೊದಲನೆಯದಕ್ಕೆ 1954 ಮತ್ತು 1981ರಲ್ಲಿ, ಎರಡನೆಯದಕ್ಕೆ 2020ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದಿದೆ. ಇವು ತಮ್ಮ ಅಧಿಕೃತ ಜಾಲತಾಣಗಳ ಮೂಲಕ ಸಾಮಾನ್ಯರಿಂದಲೂ ದೇಣಿಗೆ ಪಡೆದು ರಸೀದಿ ಕೊಡುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಬರುವ ಕ್ಯೂಆರ್ ಕೋಡಿಗೆ, ಅಳುವ ಮಗುವಿನ ಚಿತ್ರದ ಕೆಳಗಿನ ಫೋನ್ ನಂಬರಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ.

ಮೂರು, ಹಣ ಯಾರೊಬ್ಬರ ಕೈಗೂ ಸೇರಬಾರದು. ಪ್ರತಿ ಊರಿನಲ್ಲಿ ಐದು ಜನರ ಒಂದು ಸಮಿತಿ ಇರಲಿ, ಅದರಲ್ಲಿ ಇಬ್ಬರಾದರೂ ಅಕ್ಕಂದಿರಿರಲಿ. ಪ್ರತಿ ಮನೆಯವರು ತಾವೇ ನೇರವಾಗಿ ಕೊಟ್ಟು, ರಸೀದಿಯ ಪ್ರತಿಯನ್ನು ಸಮಿತಿಗೆ ತೋರಿಸಲಿ. ಸಮಿತಿ ಎಣಿಸಬೇಕಾದದ್ದು ರಸೀದಿಗಳನ್ನು, ನೋಟುಗಳನ್ನಲ್ಲ. ಫೋನು, ಬ್ಯಾಂಕು ತಿಳಿಯದವರಿಗೆ ಕಾಲೇಜು ಓದುವ ಮಕ್ಕಳು ಪಕ್ಕದಲ್ಲಿ ಕುಳಿತು ನೆರವಾಗಲಿ. ಒಟ್ಟು ಮೊತ್ತವನ್ನು ಮಠದ ಸೂಚನಾ ಫಲಕದಲ್ಲಿ ಬರೆಯಲಿ. ಯಾರು ಎಷ್ಟು ಕೊಟ್ಟರೆಂದು ಬರೆಯುವುದು ಬೇಡ.

ನಾಲ್ಕು, ಹಳೆಯ ಬಟ್ಟೆ, ಕಂಬಳಿ ಕಳಿಸುವ ಯೋಚನೆ ಬಿಡೋಣ. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲಿ ಹಳೆಬಟ್ಟೆಯ ರಾಶಿಗಳು ರಸ್ತೆ ಬದಿಯಲ್ಲಿ ಬಿದ್ದು ಹಾಳಾದವು. ಸಮುದ್ರದಾಚೆ ಅವನ್ನು ಸಾಗಿಸುವ ಖರ್ಚಿನಲ್ಲಿ ಅಲ್ಲಿಯೇ ಜೋಳ ಕೊಳ್ಳಬಹುದು.

ಐದನೆಯದು ಮೊದಲು ಮಾತನಾಡಿದ ಹಿರಿಯ ರೈತರಿಗಾಗಿ. ಹಣ ಕೊಡಲಾಗದ ಮನೆಯವರು ಒಂದು ಸೇರು ರಾಗಿ ಕೊಡಲಿ. ಆ ರಾಗಿ ಇಲ್ಲಿಯೇ, ನಮ್ಮ ಭಾಗದ ಹಾಸ್ಟೆಲ್ಲಿನ ದಾಸೋಹಕ್ಕೆ ಹೋಗಲಿ. ಅದಕ್ಕೆ ಸಮನಾದ ಹಣವನ್ನು ಅನುಕೂಲವಿರುವ ಒಬ್ಬರು ಸುಡಾನಿಗೆ ಕೊಡಲಿ. ಹೀಗೆ ಮಾಡಿದರೆ ಒಂದೇ ಸೇರು ರಾಗಿ ಎರಡು ಕಡೆ ಹಸಿವು ನೀಗಿಸುತ್ತದೆ. ಹತ್ತಿರದವರೋ ದೂರದವರೋ ಎಂಬ ಜಗಳಕ್ಕೆ ಎಡೆಯೇ ಇರುವುದಿಲ್ಲ.

ಇದೆಲ್ಲ ನಮ್ಮ ಕೈಲಾಗುವ ಕೆಲಸವೇ ಎಂದು ಯಾರಾದರೂ ಕೇಳಿದರೆ ನಾನು ಹಳೇಬೀಡನ್ನು ತೋರಿಸುತ್ತೇನೆ. 2020ರ ಫೆಬ್ರುವರಿಯಲ್ಲಿ ಅಲ್ಲಿ ಒಂಬತ್ತು ದಿನ ತರಳಬಾಳು ಹುಣ್ಣಿಮೆ ಮಹೋತ್ಸವ ನಡೆಯಿತು. ಅಷ್ಟು ದಿನ ಅಷ್ಟು ಜನಕ್ಕೆ ದಾಸೋಹ ನಡೆಸಲು ಎಷ್ಟು ಹಳ್ಳಿಗಳ ಅಕ್ಕಿ, ಬೇಳೆ, ತರಕಾರಿ, ಎಷ್ಟು ಮಂದಿಯ ಮೈಬೆವರು ಬೇಕೆಂದು ಒಲೆಯ ಮುಂದೆ ನಿಂತವರಿಗೆ ಗೊತ್ತು. ಒಂದು ಹುಣ್ಣಿಮೆಗೆ ಕೂಡಬಲ್ಲ ಕೈಗಳು ಒಂದು ಕ್ಷಾಮಕ್ಕೂ ಕೂಡಬಲ್ಲವು. ಸಂಘಟನೆ ನಮಗೆ ಹೊಸದಲ್ಲ. ಯಾರಿಗಾಗಿ ಎಂಬುದನ್ನು ಮಾತ್ರ ಸ್ವಲ್ಪ ಹಿಗ್ಗಿಸಬೇಕು.

ಸುಧಾರಣೆಯ ಪತ್ರಿಕೆಯಾಗಿ ಇನ್ನೊಂದು ಮಾತನ್ನು ಬಿಡಿಸಿ ಹೇಳದಿದ್ದರೆ ಕರ್ತವ್ಯಲೋಪವಾದೀತು. ನಮ್ಮ ಜಾತ್ರೆಗಳಲ್ಲಿ, ಗೃಹಪ್ರವೇಶಗಳಲ್ಲಿ, ಮದುವೆಗಳಲ್ಲಿ ಎಲೆಯ ಮೇಲೆ ಬಿಟ್ಟು ಎದ್ದುಹೋಗುವ ಅನ್ನ ಎಷ್ಟು? ಶಾಲು, ಹಾರ, ಫ್ಲೆಕ್ಸುಗಳಿಗೆ ಹೋಗುವ ಹಣ ಎಷ್ಟು? ಆಯ್ದಕ್ಕಿ ಮಾರಯ್ಯನವರು ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಹಿಂದಿರುಗಿಸಿ ಬನ್ನಿರೆಂದು ಕಳಿಸಿದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಲಕ್ಕಮ್ಮ ಇಂದು ನಮ್ಮ ಕಲ್ಯಾಣ ಮಂಟಪಗಳ ಹಿಂಬಾಗಿಲಲ್ಲಿ ನಿಂತು ಚೆಲ್ಲಿದ ಅನ್ನದ ಡ್ರಮ್ಮುಗಳನ್ನು ನೋಡಿದರೆ ಏನೆಂದಾರು? ನಾನು ಕೇಳುತ್ತಿರುವುದು ಹೊಸ ಹೊರೆಯಲ್ಲ. ಮಗನ ಮದುವೆಯಲ್ಲಿ ಎರಡು ಬಗೆಯ ಸಿಹಿ ಕಡಿಮೆ ಮಾಡಿದರೆ, ಸನ್ಮಾನಕ್ಕೆ ಬಂದವರು ಹಾರ ಬೇಡವೆಂದರೆ, ಅಷ್ಟೇ ಸಾಕು.

ಹಾಗೆಯೇ ಈ ಕೆಲಸಕ್ಕೂ ಫ್ಲೆಕ್ಸ್ ಬೇಡ, ಚೆಕ್ ಹಿಡಿದು ನಿಂತ ಫೋಟೊ ಬೇಡ. ಈ ಪತ್ರಿಕೆಗೆ ಅಂಥ ಫೋಟೊ ಕಳಿಸಿದರೆ ಅಚ್ಚು ಹಾಕುವುದಿಲ್ಲ ಎಂದು ಈಗಲೇ ವಿನಯದಿಂದ ತಿಳಿಸುತ್ತೇನೆ. ಕಳಿಸುವುದಿದ್ದರೆ ಊರಿನ ಹೆಸರು ಮತ್ತು ರಸೀದಿಗಳ ಒಟ್ಟು ಮೊತ್ತ ಕಳಿಸಿ. ಅದನ್ನು ಅಚ್ಚು ಹಾಕುತ್ತೇವೆ.

ಈಗ ಬೇಲೂರು ಕಡೆ ಕಾಫಿ ಕೊಯ್ಲು ನಡೆದಿದೆ, ಅರಸೀಕೆರೆ ಮಂಡಿಗೆ ಕೊಬ್ಬರಿ ಬರುತ್ತಿದೆ, ಹಳೇಬೀಡಿನ ಗುಡಿಯ ಮುಂದೆ ಪ್ರವಾಸಿಗಳ ಸಾಲಿದೆ. ಕಾಫಿ ಬೆಳೆಗಾರರು ಒಂದು ದಿನದ ಕೊಯ್ಲಿನ ಲಾಭ, ಕೊಬ್ಬರಿ ವರ್ತಕರು ಒಂದು ದಿನದ ಕಮಿಷನ್, ಗುಡಿಯ ಮುಂದಿನ ಅಂಗಡಿಯವರು ಒಂದು ಮಧ್ಯಾಹ್ನದ ಗಳಿಕೆ, ಸಂಬಳದವರು ಒಂದು ದಿನದ ಸಂಬಳ ತೆಗೆದಿಡಲಿ. ಕೂಲಿ ಮಾಡುವವರಿಂದ ನಾವು ಕೇಳುವುದಿಲ್ಲ. ಅವರಾಗಿ ಕೊಟ್ಟರೆ ಬೇಡವೆನ್ನುವ ಅಧಿಕಾರವೂ ನಮಗಿಲ್ಲ. ದಾಸೋಹದ ದಿನದಿಂದ ಬಸವ ಜಯಂತಿಯವರೆಗೆ ಈ ಕೆಲಸ ನಡೆಯಲಿ. ಬಸವ ಜಯಂತಿಯಂದು ಲೆಕ್ಕ ಓದಿ ಮುಗಿಸೋಣ.

ಅದರ ನಡುವೆ ಒಂದು ಭಾನುವಾರ ಬೇಲೂರಿನ ಶರಣ ಬಂಧುಗಳು ಅಂಗಡಿಹಳ್ಳಿಗೆ ಹೋಗಿ ಬರಲಿ ಎಂದು ಕೇಳಿಕೊಳ್ಳುತ್ತೇನೆ. ಭಾಷಣ ಮಾಡಲು ಅಲ್ಲ, ಕೇಳಲು. ಆಫ್ರಿಕದ ಊರುಗಳಲ್ಲಿ ಜನ ಹೇಗಿದ್ದಾರೆ, ಅವರ ಮನೆಯಲ್ಲಿ ಏನು ಉಂಡಿರಿ, ಹೊರಗಿನಿಂದ ಬಂದ ನಿಮ್ಮನ್ನು ಅವರು ಹೇಗೆ ಕಂಡರು ಎಂದು ಆ ಅಣ್ಣಂದಿರನ್ನು, ಅಕ್ಕಂದಿರನ್ನು ಕೇಳಿ. ಒಪ್ಪಿದರೆ ಮುಂದಿನ ಶಿವಾನುಭವ ಗೋಷ್ಠಿಗೆ ಅವರನ್ನೇ ಕರೆದು ವೇದಿಕೆಯ ಮೇಲೆ ಕೂರಿಸಿ, ಅವರ ಜೊತೆ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿ. ಸುಡಾನಿನವರೆಗೆ ಹೋಗುವ ದಾಸೋಹ ಅಂಗಡಿಹಳ್ಳಿಯನ್ನು ದಾಟಿಕೊಂಡೇ ಹೋಗಬೇಕು.

ಯಾವ ಊರಿನವರು ಸಮಿತಿ ಮಾಡಿಕೊಂಡಿರೆಂದು ಮುಂದಿನ ಸಂಚಿಕೆಯ ಹೊತ್ತಿಗೆ ಒಂದು ಕಾರ್ಡು ಬರೆದು ತಿಳಿಸಿ. ಒಪ್ಪದವರೂ ಬರೆಯಿರಿ, ಆ ಪತ್ರಗಳಿಗೂ ಇಲ್ಲಿ ಜಾಗವಿದೆ.